ತೊಯ್ವಳಿಗೆ ಎರಡನೆಯ ಬಾಯಿ

ಕಾಕಾ ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಅಲ್ಲಿಯ ಚರ್ಮ ಸವೆದು ಸವೆದು ಹೊಳಪು ಬಂದು, ಹಳೆಯ ಅಂಗಿಯ ಗುಂಡಿಯಂತೆ ಕಾಣುತ್ತಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸ ಮಾಡಿದವರು. ಲೇತ್ ಯಂತ್ರದಿಂದ ಇಳಿದ ಉಕ್ಕಿನ ತುಂಡಿನ ಅಂಚಿಗೆ ಆ ಬೆರಳು ಎಳೆದು, ಕಣ್ಣಿಗೆ ಕಾಣದ ಮುಳ್ಳು ಎಲ್ಲಿ ಉಳಿದಿದೆ ಎಂದು ಹೇಳುತ್ತಿದ್ದರಂತೆ. ನಿವೃತ್ತರಾದ ಮೇಲೆ ಉಕ್ಕು ಸಿಗಲಿಲ್ಲ, ಬೆರಳು ಸುಮ್ಮನೂ ಕೂಡಲಿಲ್ಲ. ತಟ್ಟೆಗೆ ಬಿದ್ದ ಜೋಳದ ರೊಟ್ಟಿ, ಯಾರೋ ಕೊಟ್ಟ ಲಗ್ನಪತ್ರಿಕೆ, ಸಿಟಿ ಬಸ್ಸಿನ ಟಿಕೆಟ್ಟು, ಎಲ್ಲದರ ಅಂಚಿನ ಮೇಲೂ ಅದು ಒಂದು ಸುತ್ತು ಹೋಗಿ ಬರುತ್ತಿತ್ತು.

"ರೊಟ್ಟಿ ಪಾಸ್ ಆತೇನ್ರಿ?" ಎಂದು ಕಾಕು, ಅಂದರೆ ಅವರ ಹೆಂಡತಿ, ಒಲೆಯ ಮುಂದಿನಿಂದಲೇ ಕೇಳುತ್ತಿದ್ದರು.

"ಎಡಕ್ಕ ಸ್ವಲ್ಪ ದಪ್ಪ ಆಗೇತಿ."

"ಹಂಗಾರ ಕೊಡ್ರಿ ಇತ್ತ. ಬೀದಿ ನಾಯಿಗೆ ತಪಾಸಣಿ ಗೊತ್ತಿಲ್ಲ, ತಿಂತೈತಿ."

"ಇರಲಿ, ಈ ಸಲ ಬಿಡ್ತೀನಿ," ಎಂದು ಕಾಕಾ ರೊಟ್ಟಿ ಮುರಿಯುತ್ತಿದ್ದರು.

ಅವರು ನಮಗೆ ಸಂಬಂಧಿಕರಲ್ಲ. ನನ್ನ ತಂದೆ ಅದೇ ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿದ್ದರು. ಎರಡೂ ಮನೆಯವರು ರಾಯಚೂರು ಕಡೆಯವರು, ಎರಡೂ ಮನೆಗಳು ಮೆಹದಿಪಟ್ಟಣಂನ ಒಂದೇ ಓಣಿಯಲ್ಲಿದ್ದವು. ನಾನು ಮಾತು ಕಲಿಯುವ ಮೊದಲೇ ಅವರು ಕಾಕಾ ಆಗಿದ್ದರು. ಇಷ್ಟು ಹೇಳುವುದು ಯಾಕೆಂದರೆ, ಅವರ ಹಿಂಸೆಯನ್ನು ಸುಮಾರು ನಾಲ್ಕು ವರ್ಷ ನಾನು ಯಾಕೆ ಸಹಿಸಿದೆ ಎಂಬುದಕ್ಕೆ ನನ್ನ ಬಳಿ ಬೇರೆ ವಿವರಣೆ ಇಲ್ಲ.

ಹಿಂಸೆ ಶುರುವಾದದ್ದು ಒಂದು ಶ್ರದ್ಧಾಂಜಲಿ ಸಭೆಯಲ್ಲಿ. ಅವರ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬರು ಕವಿತೆ ಬರೆಯುತ್ತಿದ್ದರು. ಎರಡು ತೆಳುವಾದ ಪುಸ್ತಕಗಳು ಬಂದಿದ್ದವು. ಹೈದರಾಬಾದಿನ ಕನ್ನಡಿಗರ ಹೊರಗೆ ಅವನ್ನು ಓದಿದವರು ಕಡಿಮೆ. ಅವರು ತಯಾರಿಸಿದ ತುಂಡುಗಳನ್ನು ಕಾಕಾ ತಪಾಸಣೆ ಮಾಡುತ್ತಿದ್ದರು. ಅವರ ಕವಿತೆಗಳನ್ನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೊದಲು ಕೇಳುತ್ತಿದ್ದವರೂ ಕಾಕಾ. ಕವಿ ತೀರಿಕೊಂಡ ಹದಿನೈದು ದಿನಕ್ಕೆ ಸಭೆ ಸೇರಿತು. ಕಾಲೇಜಿನ ಅಧ್ಯಾಪಕರೊಬ್ಬರು ಮಾತಾಡಿದರು. ಒಳ್ಳೆಯ ಮಾತುಗಳನ್ನೇ ಆಡಿದರು. ಕೊನೆಗೆ, ತಾಯಿಯ ಸಾವಿನ ಮೇಲೆ ಕವಿ ಬರೆದ ಪದ್ಯದ ಮುಕ್ತಾಯದ ಸಾಲನ್ನು ಓದಿದರು: "ಕಟ್ಟಿ ಮ್ಯಾಲ ಒಂದ ತೊಯ್ವಳಿ, ಅದೂ ಆರಾಕತ್ತೈತಿ." ಆಮೇಲೆ ನಕ್ಕು ಹೇಳಿದರು, "ಈ ತೊಯ್ವಳಿ ಯಾವ ನಿಘಂಟಿನಲ್ಲೂ ಇಲ್ಲ. ಪದ ಸಿಗದಿದ್ದಾಗ ನಮ್ಮ ಕವಿ ತಾವೇ ಒಂದನ್ನು ಕಟ್ಟಿಕೊಳ್ಳುತ್ತಿದ್ದರು. ಇಂಥವು ಅವರಲ್ಲಿ ಬೇಕಾದಷ್ಟಿವೆ."

ಸಭೆ ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿದ್ದ ಕಾಕಾ ತಟ್ಟಲಿಲ್ಲ.

ದಾರಿಯಲ್ಲಿ ನಾನು ಹೇಳಿದೆ, "ಅದು ಹೊಗಳಿಕೆ ಅಲ್ಲೇನ್ರಿ ಕಾಕಾ? ಕವಿಗಳು ಶಬ್ದ ಹುಟ್ಟಸ್ತಾರ. ಅದರಾಗ ತಪ್ಪೇನೈತಿ?"

"ಹುಟ್ಟಸಾವ್ರು ಹುಟ್ಟಸ್ಲಿ. ಇಂವ ಹುಟ್ಟಸಾಂವಲ್ಲ. ಡ್ರಾಯಿಂಗ್ ಬಿಟ್ಟು ಕೂದಲೆಳಿಯಷ್ಟು ಸರದಾಂವಲ್ಲ. 'ನಾ ಕೇಳಿದ ಮಾತ ಬರೀತೀನಿ, ಕೇಳದ್ದು ಒಂದೂ ಇಲ್ಲ' ಅಂತ ನನ್ನ ಮುಂದ ಹೇಳ್ಯಾನ. ಈಗ ಅಂವ ಇಲ್ಲ ಅಂತ ಸುಳ್ಳ ಮಾಡ್ತಾರಂದ್ರ ಹೆಂಗ?"

ಅಲ್ಲಿಂದ ಅವರ ಕೆಲಸ ಶುರುವಾಯಿತು. ಕವಿಯ ಎರಡು ಪುಸ್ತಕಗಳಲ್ಲಿ ನಿಘಂಟಿನಲ್ಲಿ ಸಿಗದ, ಅಥವಾ ಸಿಕ್ಕರೂ ಬೇರೆ ಅರ್ಥ ಕೊಡುವ ನಾನೂರಕ್ಕೂ ಹೆಚ್ಚು ಶಬ್ದಗಳನ್ನು ಕಾಕಾ ಹೆಕ್ಕಿದರು. ಪ್ರತಿಯೊಂದಕ್ಕೂ ಅರ್ಥ, ಅದು ಎಲ್ಲಿಂದ ಬಂತು ಎಂಬ ವಿವರ, ಮತ್ತು ಕವಿ ಅದನ್ನು ಕಟ್ಟಿಕೊಂಡದ್ದಲ್ಲ ಎಂಬುದಕ್ಕೆ ಸಾಕ್ಷಿ. ಒಂದಲ್ಲ, ಎರಡು. ಅವರ ಭಾಷೆಯಲ್ಲಿ ಎರಡು ಬಾಯಿ. ಆ ಶಬ್ದವನ್ನು ತಮ್ಮ ಬಾಯಿಂದ ಆಡುವ ಇಬ್ಬರು ಮನುಷ್ಯರು ಸಿಗುವವರೆಗೆ ಶಬ್ದ ಪಾಸ್ ಆಗುವಂತಿರಲಿಲ್ಲ. ಆ ಇಬ್ಬರು ಕವಿತೆ ಓದಿರಬಾರದು. ಒಬ್ಬರಿಗೊಬ್ಬರು ಪರಿಚಯವಿರಬಾರದು. ಅರ್ಥವನ್ನು ನಾವಾಗಿ ಹೇಳಿಕೊಡಬಾರದು. ಕವಿಯ ಮನೆಯವರ ಸಾಕ್ಷಿ ಲೆಕ್ಕಕ್ಕಿಲ್ಲ.

ನಾನು ಆಗ ಮಾಧಾಪುರದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ನಮ್ಮ ಓಣಿಯ ಅರ್ಧ ಮಂದಿ ಅಮೀರ್‌ಪೇಟೆಯ ಕೋಚಿಂಗ್ ಕ್ಲಾಸುಗಳಿಗೆ ಎಡತಾಕುತ್ತಿದ್ದ ದಿನಗಳು ಅವು. ನನ್ನ ಕೆಲಸ ಏನೆಂದು ಕೇಳಿ ಕಾಕಾ ಹಿಗ್ಗಿದರು.

"ಹಂಗಾರ ನೀ ನಮ್ಮ ಖಾತೆಯಾಕಿನ ಆದಿ. ತಪ್ಪು ಸಿಕ್ರ ಏನ ಮಾಡ್ತೀರಿ?"

"ಮುಂದಿನ ಆವೃತ್ತಿಯೊಳಗ ಸರಿ ಮಾಡ್ತಾರ್ರಿ."

"ಮುಂದಿನ ಆವೃತ್ತಿ!" ಅವರು ಕಾಕುವಿನ ಕಡೆ ತಿರುಗಿದರು. "ಕೇಳಿದೇನ? ಗುಂಡು ಹಾರಿದ ಮ್ಯಾಲ ಮುಂದಿನ ಆವೃತ್ತಿ."

ಮನೆಯಲ್ಲಿ ಕಂಪ್ಯೂಟರ್ ಇದ್ದದ್ದು ನನ್ನ ಬಳಿ, ಕನ್ನಡ ಟೈಪ್ ಮಾಡಲು ಬರುತ್ತಿದ್ದದ್ದೂ ನನಗೇ. ಹೀಗಾಗಿ ಭಾನುವಾರಗಳು ಹೋದವು. ಆಗಿನ ಕನ್ನಡ ಅಕ್ಷರವಿನ್ಯಾಸಗಳು ಕನ್ನಡದ ಹಾಗೆ ಕಾಣುತ್ತಿದ್ದವೇ ಹೊರತು ಒಳಗೆ ಕನ್ನಡ ಅಲ್ಲ. ಅಕಾರಾದಿಯಾಗಿ ಜೋಡಿಸು ಎಂದರೆ ಯಂತ್ರ ತನ್ನ ಇಷ್ಟದಂತೆ ಮಕಾರವನ್ನು ಮೊದಲಿಟ್ಟು ಅಕಾರವನ್ನು ನಡುವೆ ತುರುಕುತ್ತಿತ್ತು. ಎರಡು ವಾರ ಕೂತು, ಸರಿಯಾಗಿ ಜೋಡಿಸುವ ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ. ಮುದ್ರಿಸಿ ಕೊಟ್ಟ ಹಾಳೆಗಳನ್ನು ಕಾಕಾ ಮೂರು ದಿನ ಇಟ್ಟುಕೊಂಡು, ಒಂದೊಂದೇ ಶಬ್ದವನ್ನು ಬೆರಳಿಟ್ಟು ನೋಡಿ, "ಸರಿ ಐತಿ" ಎಂದರು. ಮುಂದಿನ ವಾರ ಹತ್ತು ಶಬ್ದ ಸೇರಿದವು. ಮತ್ತೆ ಮೊದಲಿನಿಂದ ಮೂರು ದಿನ ನೋಡಿದರು.

"ಯಂತ್ರ ಒಮ್ಮೆ ಸರಿ ಮಾಡಿದ್ರ ಯಾವಾಗಲೂ ಸರಿ ಮಾಡ್ತೈತ್ರಿ ಕಾಕಾ."

"ನೀ ಎಷ್ಟ ವರ್ಷ ಯಂತ್ರದ ಸಂಗಾಟ ಇದ್ದಿ?"

ಒಂದು ವರ್ಷ ಎಂದು ಹೇಳುವುದರಲ್ಲಿ ಅರ್ಥವಿರಲಿಲ್ಲ.

ಶಬ್ದಗಳನ್ನು ಅವರು ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಬರೆಯುತ್ತಿದ್ದರು. ಕತ್ತರಿಸಿ, ಅಂಚು ಮುಟ್ಟಿ ನೋಡಿ, ಆ ಕಾರ್ಡುಗಳನ್ನು ಶೂ ಡಬ್ಬಿಗಳಲ್ಲಿ ಇಡುತ್ತಿದ್ದರು. ಹೊಸ ಬಾಯಿ ಸಿಕ್ಕರೆ ನನ್ನ ಆಫೀಸಿಗೆ ಫೋನ್ ಬರುತ್ತಿತ್ತು. ಸ್ವಾಗತದ ಮೇಜಿನ ಹುಡುಗಿ ಓಡುತ್ತ ಬಂದು, ಮನೆಯಿಂದ ಯಾರೋ ಹಿರಿಯರು, ತುರ್ತಂತೆ ಎನ್ನುವಳು. ಮೀಟಿಂಗ್ ಬಿಟ್ಟು ಎದ್ದು ಹೋದರೆ ಆ ಕಡೆಯಿಂದ, "ಮಲ್ಲೇಪಲ್ಲಿಯೊಳಗ ಒಂದು ಬಾಯಿ ಸಿಕ್ಕೈತಿ. ಸಂಜಿಕ ಹೋಗೂಣು." ಮೂರನೆಯ ಸಲದ ಹೊತ್ತಿಗೆ ನನ್ನ ಮೇಲಿನವರು, ನಿಮ್ಮ ಮನೆಯಲ್ಲಿ ಯಾರಿಗೆ ಇಷ್ಟು ಹುಷಾರಿಲ್ಲ ಎಂದು ಕೇಳಿದರು. ಶಬ್ದಗಳಿಗೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಶಬ್ದದ ಮೂಲ ಹುಡುಕುವುದು ಭಾನುವಾರ ಬೆಳಗಿನ ಅಬಿಡ್ಸ್‌ನ ಫುಟ್‌ಪಾತಿನಲ್ಲಿ. ಅಲ್ಲಿ ಹಳೆಯ ಪುಸ್ತಕ ಹರಡುವವರಲ್ಲಿ ಒಬ್ಬ ಮುದುಕರು ಅರಬ್ಬಿ, ಫಾರಸಿ ಬಲ್ಲವರು. ಕಾಕಾ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು, ಶಬ್ದವನ್ನು ಮೂರು ಸಲ ಹೇಳಿಸಿ, ಬರೆದುಕೊಳ್ಳುವರು. ತಕರಾರು ಎಂದರೆ ಅರಬ್ಬಿಯಲ್ಲಿ ಮೂಲತಃ ಜಗಳವಲ್ಲ, ಮತ್ತೆ ಮತ್ತೆ ಹೇಳುವುದು ಎಂದು ಗೊತ್ತಾದದ್ದು ಅಲ್ಲೇ. ಮನೆಗೆ ಬಂದು ಕಾಕಾ ಅದನ್ನು ಕಾಕುವಿಗೆ ಉತ್ಸಾಹದಿಂದ ಹೇಳಿದರು.

"ನೋಡು, ಹೇಳಿದ್ದ ಹೇಳೂದಕ್ಕ ತಕರಾರು ಅಂತಾರ. ಇನ್ನ ಮ್ಯಾಲ ನೀ ಹೇಳಿದ್ದ ಹೇಳಬ್ಯಾಡ."

"ಸೊಂಟ ನೋಯ್ತೈತಿ, ಡಾಕ್ಟರ ಕಡೆ ಕರಕೊಂಡ ಹೋಗ್ರಿ ಅಂತ ಆರು ತಿಂಗಳಿಂದ ಹೇಳಾಕತ್ತೀನಿ. ಒಂದ ಸಲ ಕೇಳಿದ್ರ ನಾ ಯಾಕ ತಕರಾರ ಮಾಡ್ಲಿ?"

ಕಾಕಾ ನನ್ನ ಕಡೆ ನೋಡಿದರು. ನಾನು ಟೈಪ್ ಮಾಡುತ್ತಿದ್ದೆ.

ಅವರ ಪದ್ಧತಿಯಿಂದ ನನಗೆ ಎಷ್ಟು ರೇಗುತ್ತಿತ್ತೋ, ಅದು ಸರಿ ಎಂದು ಸಾಬೀತಾದಾಗ ಅದಕ್ಕಿಂತ ಹೆಚ್ಚು ರೇಗುತ್ತಿತ್ತು. ಒಂದು ಪದ್ಯದಲ್ಲಿ ತಾಯಿ ನೆರೆಮನೆಯವಳ ಸೆರಗಿಗೆ ಜೋಳ ಅಳೆದು ಹಾಕುತ್ತ, "ಲಾಭ, ಎರಡು, ಮೂರು" ಎನ್ನುತ್ತಾಳೆ. ಅಧ್ಯಾಪಕರು ಇದನ್ನೂ ತಮ್ಮ ಮಾತಿನಲ್ಲಿ ಎತ್ತಿದ್ದರು, ಅಚ್ಚಿನ ದೋಷ ಇರಬಹುದು ಎಂದಿದ್ದರು. ಕಾಕಾ ನನ್ನನ್ನು ಬೇಗಂ ಬಜಾರಿನ ಒಂದು ಕಾಳಿನ ಅಂಗಡಿಯ ಮುಂದೆ ನಿಲ್ಲಿಸಿದರು. ಬಸವಕಲ್ಯಾಣ ಕಡೆಯ ಮುದುಕರೊಬ್ಬರು ಸೇರಿನಲ್ಲಿ ಜೋಳ ಅಳೆಯುತ್ತಿದ್ದರು. ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎಂದರು, ಆಮೇಲೆ ಎರಡು, ಮೂರು. ನನ್ನ ಮೈ ಜುಮ್ಮೆಂದಿತು, ಒಪ್ಪುತ್ತೇನೆ.

"ಆತಲ್ರಿ ಕಾಕಾ. ಕಣ್ಣಾರೆ ಕಂಡ್ವಿ."

"ಒಂದ ಬಾಯಿ ಆತು," ಎಂದು ಅವರು ಬಸ್ ಸ್ಟಾಪಿನ ಕಡೆ ಹೊರಟರು. ಎರಡನೆಯ ಬಾಯಿ ಐದು ವಾರಗಳ ನಂತರ ಸಿಕಂದರಾಬಾದಿನಲ್ಲಿ ಸಿಕ್ಕಿತು.

ತೊಯ್ವಳಿಯ ಮೊದಲ ಬಾಯಿ ಸಿಕ್ಕಿದ್ದು ಕಾಚಿಗೂಡದ ಒಂದು ಹಳೆಯ ವಠಾರದಲ್ಲಿ. ಅಲ್ಲಿ ಕವಿಯ ಅಕ್ಕ ತಮ್ಮ ಮಗಳ ಮನೆಯಲ್ಲಿದ್ದರು. ಕಾಕಾ ಶಬ್ದ ಹೇಳಿ ಸುಮ್ಮನಾದರು. ಮುದುಕಿ ಎದ್ದು ಒಳಗೆ ಹೋಗಿ ನೀರಿನ ತಂಬಿಗೆ ತಂದು ಜಗಲಿಯ ಬಂಡೆಯ ಮೇಲೆ ಇಟ್ಟರು. ಸ್ವಲ್ಪ ಹೊತ್ತು ಬಿಟ್ಟು ಎತ್ತಿದರು. ಬಂಡೆಯ ಮೇಲೆ ತಂಬಿಗೆಯ ತಳದಷ್ಟೇ ದುಂಡಗಿನ ಒದ್ದೆ ಗೆರೆ ಉಳಿದಿತ್ತು.

"ಇದು," ಎಂದರು. "ಅವ್ವ ನೀರು ತಂದು ಕೊಡ ಕಟ್ಟಿ ಮ್ಯಾಲ ಇಳಸಾಕಿ. ಅಕಿ ಕೊಡ ಎತ್ತಿಕೊಂಡು ಒಳಗ ಹೋದ್ರ ಇದು ಇರ್ತಿತ್ತು. ನಾವು ಸಣ್ಣಾವ್ರು ಇದರ ಮ್ಯಾಲ ಕೈ ಬಟ್ಟ ಆಡಿಸ್ತಿದ್ವಿ."

ಮೂವರೂ ನೋಡುತ್ತಿದ್ದಂತೆ ಅದು ಒಂದು ಕಡೆಯಿಂದ ಆರತೊಡಗಿತು. ಆ ಪದ್ಯ ನನಗೆ ಆ ದಿನವೇ ಅರ್ಥವಾಯಿತು. ವಠಾರದ ಮೆಟ್ಟಿಲಿಳಿಯುವಾಗಲೂ ಆ ಗೆರೆಯೇ ಕಣ್ಣ ಮುಂದಿತ್ತು.

"ಮನಿಯವ್ರು," ಎಂದರು ಕಾಕಾ.

"ಅಂದ್ರ?"

"ಅಕ್ಕ ಅಲ್ಲ? ತಮ್ಮ ಬರದದ್ದಕ್ಕ ಅಕ್ಕ ಹೂಂ ಅಂದ್ರ ಯಾರು ನಂಬ್ತಾರ? ಬರಕೊಂಡಿರು. ಹೊರಗಿನಾವು ಎರಡು ಬಾಯಿ ಬೇಕು. ಕಡೀಕ ಒಂದರ ಬೇಕ ಬೇಕು."

ಒಂದಕ್ಕೆ ಇಳಿದದ್ದೇ ಅವರ ಮಟ್ಟಿಗೆ ದೊಡ್ಡ ರಿಯಾಯಿತಿ. ಆ ಒಂದು ಸಿಗಲಿಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಗೌಂಡಿಗಳನ್ನು, ಹೂವಿನವರನ್ನು, ಗುಡಿ ಕಸ ಹೊಡೆಯುವವರನ್ನು ಕೇಳಿದೆವು. ವಾರದ ದಿನಗಳಲ್ಲಿ ಆಫೀಸಿಗೆ ಹೋಗುವ ದಾರಿಯಲ್ಲಿ ನಾನೊಬ್ಬಳೇ ಇಳಿದು ಕೇಳುತ್ತಿದ್ದೆ. ಆ ಹೊತ್ತಿಗೆ ಕಾಕಾ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರು, ಹೀಗಾಗಿ ಹೊರಗಿನ ಓಡಾಟ ಬಹುಪಾಲು ನನ್ನದಾಗಿತ್ತು. ಒಂದೊಂದಾಗಿ ಬೇರೆ ಎಲ್ಲ ಶಬ್ದಗಳೂ ಪಾಸ್ ಆದವು. ತೊಯ್ವಳಿ ಒಂದೇ ಉಳಿಯಿತು. ಹೃದಯದ ಡಾಕ್ಟರು ಶಸ್ತ್ರಚಿಕಿತ್ಸೆ ಬೇಕೆಂದರು. ಕಾಕಾ, ಪುಸ್ತಕ ಆಗಲಿ ನೋಡೋಣ ಎಂದರು. ಎಂಟು ತಿಂಗಳು ಹೀಗೇ ಹೋದವು.

ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಕಾಕು ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಹೇಳಿದರು, "ಮುಗಿಸಿಬಿಡವಾ. ಹೆಂಗಾರ ಮಾಡಿ ಮುಗಿಸು. ಪುಸ್ತಕ ಕೈಗೆ ಬಂದ್ರ ಆಪರೇಷನ್‌ಗೆ ಹೂಂ ಅಂತಾರ. ನಿನ್ನ ಕೈಯಾಗ ಐತಿ."

ಮರುದಿನ ಆಫೀಸಿನಲ್ಲಿ ಕೂತು ನಾನು ತೊಯ್ವಳಿಗೆ ಒಂದು ಕಾರ್ಡು ಬರೆದೆ. ಕಾಚಿಗೂಡ ಸ್ಟೇಷನ್ನಿನ ಹೊರಗೆ ಮಲ್ಲಿಗೆ ಮಾರುವ ಮುದುಕಿ. ಲಿಂಗಸುಗೂರು ಕಡೆಯವಳು. ಹೆಸರು ಇಟ್ಟೆ, ವಯಸ್ಸು ಇಟ್ಟೆ. ಅವಳ ಬಾಯಲ್ಲಿ ಒಂದು ವಾಕ್ಯವನ್ನೂ ಇಟ್ಟೆ: "ಕೊಡ ಎತ್ತಿದ ಮ್ಯಾಲ ತೊಯ್ವಳಿ ತುಳೀಬಾರದು ಅಂತಿದ್ಲು ನಮ್ಮಾಯಿ." ಆ ವಾಕ್ಯದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು. ಸುಳ್ಳು ಎಂಬ ಮುಜುಗರಕ್ಕಿಂತ, ಕೊನೆಗೂ ಈ ಮನುಷ್ಯನ ಕೈಯಿಂದ ಬಿಡುಗಡೆ ಎಂಬ ಸಮಾಧಾನ ದೊಡ್ಡದಾಗಿತ್ತು. ಅರ್ಥವಂತೂ ನಿಜವಾದದ್ದೇ, ಸಾಕ್ಷಿ ಒಂದು ಕಾಗದಪತ್ರದ ವಿಷಯ ಎಂದುಕೊಂಡೆ.

ಕಾಕಾ ಕಾರ್ಡನ್ನು ಎರಡು ಸಲ ಓದಿದರು. ಅವರ ಕಣ್ಣಲ್ಲಿ ನೀರು ಬಂತು. ಅದನ್ನು ನಾನು ಎಣಿಸಿರಲಿಲ್ಲ.

ಇನ್ನೊಂದನ್ನೂ ಎಣಿಸಿರಲಿಲ್ಲ. ಅವರು ಆ ಮುದುಕಿಗೆ ಕೈ ಮುಗಿದು ಬರಬೇಕೆಂದರು. ಕಾಕು ಪೆಟ್ಟಿಗೆಯಿಂದ ರವಿಕೆಗೆಂದು ಒಂದು ಗುಳೇದಗುಡ್ಡದ ಖಣ ತೆಗೆದುಕೊಟ್ಟರು, ತೆಂಗಿನಕಾಯಿ ಇಟ್ಟರು. "ಆಕಿ ಇದ್ದಾಳಿಲ್ಲೋ, ನಾ ಇನ್ನೊಮ್ಮೆ ನೋಡಿ ಬಂದು ಹೇಳ್ತೀನ್ರಿ" ಎಂದೆ. "ನೀ ಆಫೀಸಿಗೆ ಹೋಗು," ಎಂದರು ಕಾಕಾ. ಎರಡು ದಿನ ಬೆಳಿಗ್ಗೆ ಬಸ್ ಹತ್ತಿ ಹೋಗಿ, ಬಿಸಿಲೇರುವವರೆಗೆ ಸ್ಟೇಷನ್ ಮುಂದೆ ಕೂತು ಬಂದರು. ಮೂರನೆಯ ದಿನವೂ ಹೊರಟರು ಎಂದು ಕಾಕು ಫೋನ್ ಮಾಡಿದಾಗ ನಾನು ಆಫೀಸಿನ ಬಸ್ಸು ಬಿಟ್ಟು ಕಾಚಿಗೂಡಕ್ಕೆ ಹೋದೆ.

ಅವರು ಚಹದ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ, ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಬಾ ಬಾ. ನಿನ್ನೆ ಇಬ್ರು ರಾಯಚೂರು ಕಡೆಯಾಕಿಗಳು ಸಿಕ್ಕಿದ್ರು. ಈ ಹೆಸರಿನಾಕಿ ಗೊತ್ತಿಲ್ಲ ಅಂದ್ರು. ಊರಿಗೆ ಹೋಗಿರಬೇಕು. ಬರ್ತಾಳ."

"ಕಾಕಾ, ಆಕಿ ಇಲ್ಲರಿ."

"ಎಲ್ಲಿಗೆ ಹೋದ್ಲು?"

"ಎಲ್ಲಿಗೂ ಇಲ್ಲ. ಆಕಿ ಇದ್ದ ಇಲ್ಲ. ನಾ ಬರದೆ."

ಅವರು ಸ್ಟೇಷನ್ನಿನ ಕಡೆ ನೋಡಿದರು. ರೈಲು ಬಂದು ಜನ ಹೊರಬರುತ್ತಿದ್ದರು. ಆಟೋದವರು ಕೂಗುತ್ತಿದ್ದರು.

"ಹೆಸರು?"

"ಅದನ್ನೂ ನಾನ ಇಟ್ಟೆ."

"ಚಲೋ ಹೆಸರ ಇಟ್ಟಿದ್ದಿ," ಎಂದರು.

ಬೈದಿದ್ದರೆ ಸುಲಭವಿತ್ತು. ಅವರು ಚಹ ತರಿಸಿದರು. ನಾನು ಕುಡಿದು ಮುಗಿಸಿದ ಮೇಲೆ ಚೀಲದಿಂದ ಖಣ ತೆಗೆದರು. "ಮನಿಯಿಂದ ಹೊಂಟ ಖಣ ಹೊಳ್ಳಿ ಒಯ್ಯಬಾರದು. ಅಲ್ಲಿ ಕುಂತಾಳಲ್ಲ, ಆಕಿಗೆ ಕೊಟ್ಟು ಬಾ. ಕಾಯಿನೂ ಕೊಡು." ಹೂ ಮಾರುತ್ತಿದ್ದ ಹೆಂಗಸಿನ ಮುಂದೆ ಹೋಗಿ ನಿಂತೆ. ಅವಳು ತೆಲುಗಿನವಳು. ಯಾಕಮ್ಮಾ ಎಂದು ಕೇಳಿದಳು. ಏನು ಹೇಳಬೇಕೆಂದು ತಿಳಿಯದೆ, ಹಬ್ಬ ಎಂದೆ. ಅವಳು ಯಾವ ಹಬ್ಬ ಎಂದು ಕೇಳಲಿಲ್ಲ. ಖಣವನ್ನು ಕಣ್ಣಿಗೊತ್ತಿಕೊಂಡು ಒಂದು ಮೊಳ ಮಲ್ಲಿಗೆ ಕೊಟ್ಟಳು.

ತಿರುಗಿ ಬಂದಾಗ ಕಾಕಾ ಕೇಳಿದರು, "ನೀ ಒಬ್ಬಾಕಿನ ಹೋಗಿ ತಂದ ಕಾರ್ಡು ಎಷ್ಟದಾವು?"

"ಅರವತ್ತೊಂದು."

"ಎಲ್ಲಾ ವಾಪಸ್."

ಮೊದಲು ನನಗೆ ಅರ್ಥವಾಗಲಿಲ್ಲ. ಕಾರ್ಖಾನೆಯಲ್ಲಿ ಹಾಗೆಯೇ ಮಾಡುತ್ತಿದ್ದರಂತೆ. ಒಬ್ಬರ ಕೈಯಿಂದ ಬಂದ ಮಾಲಿನಲ್ಲಿ ತಪ್ಪಾದ ತುಂಡು ಸಿಕ್ಕರೆ ಆ ತುಂಡನ್ನಷ್ಟೇ ಬದಿಗಿಡಬಹುದು. ಬೇಕೆಂದೇ ಪಾಸ್ ಮಾಡಿಸಿದ ಖೋಟಾ ತುಂಡು ಸಿಕ್ಕರೆ, ಆ ಕೈಯಿಂದ ಬಂದ ಪೂರ್ತಿ ಲಾಟನ್ನು ಹೊಸದಾಗಿ ತಪಾಸಣೆ ಮಾಡಬೇಕು.

"ಉಳಿದ ಅರವತ್ತೂ ಖರೇ ಅದಾವ್ರಿ!" ನನ್ನ ದನಿ ಏರಿತು. ಬೀದಿಯಲ್ಲಿ ನಾನು ಹಾಗೆ ಕೂಗಿದ್ದು ಅದೇ ಮೊದಲು. "ಎರಡು ವರ್ಷದ ಕೆಲಸ ಅದು. ನೀವು ಆಪರೇಷನ್ ಮಾಡಿಸ್ಕೋಬೇಕಂತ ನಾ ಇದನ್ನ ಮಾಡಿದ್ದು. ನಿಮಗ ಶಬ್ದದ ಮ್ಯಾಲ ಇರೂ ಕಾಳಜಿ ನಿಮ್ಮ ಜೀವದ ಮ್ಯಾಲ ಇಲ್ಲ. ಕಾಕುನ ಮ್ಯಾಲೂ ಇಲ್ಲ."

"ಅರವತ್ತೂ ಖರೇ ಇರಬಹುದು. ಅದು ನಿನಗ ಗೊತ್ತು. ನನಗ ಹೆಂಗ ಗೊತ್ತಾಗಬೇಕು?"

ಅವರು ಖಾಲಿ ಚೀಲವನ್ನು ಮಡಿಸುತ್ತ, ಮೆಲ್ಲಗೆ ಹೇಳಿದರು, "ಆ ಮಾಸ್ತರು ಏನಂದ್ರು? ಪದ ಸಿಗಲಿಲ್ಲಂದ್ರ ಕಟ್ಟಿಕೊಂತಾರ ಅಂದ್ರು. ತೊಯ್ವಳಿ ಅಂವ ಕಟ್ಟಿದ್ದ ಅಂತನ ಆಗಲವಾ. ಒಂದು ಶಬ್ದ ಸೋಲ್ತೀನಿ. ಆದ್ರ ನಾವು ಕಟ್ಟಿದ್ದು ಒಂದು ಒಳಗ ಹೋತಂದ್ರ ಅಂವ ಬರದದ್ದು ಎಲ್ಲಾ ಸುಳ್ಳಾಕ್ಕೈತಿ."

ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬಂದೆವು. ಮನೆಯಲ್ಲಿ ಅವರು ಕಾಕುವಿಗೆ, ಆ ಮುದುಕಿ ಸಿಗಲಿಲ್ಲ ಎಂದಷ್ಟೇ ಹೇಳಿದರು. ನನಗೆ ಬಾಗಿಲಲ್ಲಿ, "ಇದನ್ನ ಎಲ್ಲೂ ಹೇಳಬ್ಯಾಡ. ಲಗ್ನ ಆಗೂ ಹುಡುಗಿ," ಎಂದರು. ನನಗೆ ಮತ್ತೆ ಸಿಟ್ಟು ಬಂತು. ಲಗ್ನಕ್ಕೂ ಇದಕ್ಕೂ ಏನು ಸಂಬಂಧ?

ಆ ಮೂರು ದಿನದ ಬಿಸಿಲಿನ ಮೇಲೆ ಏದುಸಿರು ಹೆಚ್ಚಾಗಿ, ಮರುತಪಾಸಣೆಗೆ ಅವರು ಮನೆಯಿಂದ ಹೊರಡುವಂತಿರಲಿಲ್ಲ. ಹೀಗಾಗಿ ನಾನು ಒಂದೊಂದು 'ಬಾಯಿ'ಯನ್ನೂ ಹುಡುಕಿ, ಆಟೋದಲ್ಲಿ ಕೂರಿಸಿಕೊಂಡು, ಅವರ ಮನೆಗೇ ಕರೆತರಬೇಕಾಯಿತು. ಗೌಂಡಿಗಳು, ಗಿರಣಿಯವರು, ಒಬ್ಬ ಕಂಬಳಿ ಮಾರುವವನು. ಕಾಕು ಎಲ್ಲರಿಗೂ ಅವಲಕ್ಕಿ ಕೊಟ್ಟರು. ಬಂದವರ ಮುಂದೆ ಕಾಕಾ ಶಬ್ದ ಹೇಳಿ ಸುಮ್ಮನಾಗುತ್ತಿದ್ದರು, ನಾನು ತುಟಿ ಬಿಚ್ಚಬಾರದು. ಇಷ್ಟೆಲ್ಲ ಮಾಡಿ ಅರವತ್ತೂ ಸರಿಯಾಗಿವೆ ಎಂದು ತೋರಿಸಿ, ಅವರ ಮುಖ ನೋಡಬೇಕೆಂಬ ಹಟ ನನಗಿತ್ತು.

ಹನ್ನೊಂದನೆಯ ಕಾರ್ಡು 'ಮಸಾರಿ'. ಅರ್ಥದ ಜಾಗದಲ್ಲಿ ನಾನು ಹೊಲ ಎಂದು ಬರೆದಿದ್ದೆ. ಬಂದ ಗೌಂಡಿ ತಲೆಯಾಡಿಸಿದ. "ಹೊಲ ಖರೇರಿ. ಆದ್ರ ಕೆಂಪ ಮಣ್ಣಿಂದು. ಕರಿ ಮಣ್ಣಿಂದು ಎರಿ. ಎರಿ ಇದ್ದಾಂವ ಮಸಾರಿಯಾಂವಗ ಹೆಣ್ಣ ಕೊಡಾಂಗಿಲ್ಲರಿ ನಮ್ಮ ಕಡೆ." ಕವಿಯ ಆ ಪದ್ಯ ಇದ್ದದ್ದೇ ಮುರಿದ ಮದುವೆ ಮಾತುಕತೆಯ ಮೇಲೆ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನಾನು, ಮೊದಲ ಸಲ ಹೊಲ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ, ಬಸ್ಸಿಗೆ ಹೊತ್ತಾಯಿತೆಂದು ಬರೆದುಕೊಂಡು ಎದ್ದಿದ್ದೆ.

ಕಾಕಾ ನನ್ನ ಕಡೆ ನೋಡಲಿಲ್ಲ. ಕಾರ್ಡು ತಿದ್ದಿದರು. "ಅವಲಕ್ಕಿ ತಿನ್ನಪ್ಪಾ," ಎಂದು ಗೌಂಡಿಗೆ ಹೇಳಿದರು.

ಅಂಥ ತಪ್ಪು ಕಾರ್ಡುಗಳು ಕೊನೆಯಲ್ಲಿ ಒಟ್ಟು ನಾಲ್ಕು ಸಿಕ್ಕವು. ಮೂರು ಅವರ ಮುಂದೆ, ಒಂದು ಅವರ ನಂತರ. ಅವರು ಹೋದದ್ದು ಬೇಸಿಗೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಅರವತ್ತರಲ್ಲಿ ಮೂವತ್ತೆಂಟು ಮುಗಿದಿದ್ದವು. ಶಸ್ತ್ರಚಿಕಿತ್ಸೆಯ ದಿನ ನಿಗದಿಯಾಗಿರಲಿಲ್ಲ, ಪುಸ್ತಕ ಆಗಿರಲಿಲ್ಲ. ನನ್ನ ಸುಳ್ಳು ನಿಂತಿದ್ದರೆ ಅವರು ಬದುಕುತ್ತಿದ್ದರೇ ಎಂದು ಬಹಳ ಕಾಲ ಕೇಳಿಕೊಂಡಿದ್ದೇನೆ. ಒಂದು ವೇಳೆ ಹೌದಾದರೂ ಅವರು ಒಪ್ಪುತ್ತಿರಲಿಲ್ಲ ಎಂಬುದು ಗೊತ್ತಿರುವುದರಿಂದ, ಅವರು ತೀರಿಹೋದ ಮೇಲೂ ಅವರ ಮೇಲೆ ಸಿಟ್ಟಾಗಿದ್ದೇನೆ.

ಉಳಿದ ಇಪ್ಪತ್ತೆರಡನ್ನು ಮುಗಿಸಲು ನನಗೆ ಇನ್ನೊಂದು ವರ್ಷ ಹಿಡಿಯಿತು. ಬಂದವರನ್ನು ಕಾಕುವಿನ ಮುಂದೆ ಕೂರಿಸಿದೆ. ಶಬ್ದ ಹೇಳಿ ಸುಮ್ಮನಾಗುವುದು ಎಷ್ಟು ಕಷ್ಟದ ಕೆಲಸ ಎಂದು ಗೊತ್ತಾಯಿತು.

ಪುಸ್ತಕದ ಮೊದಲ ಪ್ರತಿಯನ್ನು ಕಾಕುವಿಗೆ ಒಯ್ದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ನೇರವಾಗಿ ತಕಾರಕ್ಕೆ ಹೋಗಿ, ಗಟ್ಟಿಯಾಗಿ ಓದಿದರು.

"ತೊಯ್ವಳಿ. ನೀರಿನ ಕೊಡ ಎತ್ತಿದ ಮೇಲೆ ನೆಲದ ಮೇಲೆ ಉಳಿಯುವ ದುಂಡನೆಯ ಒದ್ದೆ ಗೆರೆ. ಸಾಕ್ಷಿ ಒಬ್ಬರು, ಕವಿಯ ಅಕ್ಕ. ಹೊರಗಿನ ಸಾಕ್ಷಿ ಸಿಕ್ಕಿಲ್ಲ. ಸಿಕ್ಕಿದೆಯೆಂದು ಈ ಕೋಶವನ್ನು ಟೈಪ್ ಮಾಡಿದವಳು ಒಮ್ಮೆ ಇಲ್ಲದ ಹೆಸರೊಂದನ್ನು ಬರೆದಿದ್ದಳು. ಅದನ್ನು ತೆಗೆದುಹಾಕಿದೆ."

ಅವರು ಪುಟ ಹಿಂದೆ ತಿರುಗಿಸಿ, ಟೈಪ್ ಮಾಡಿದವಳ ಹೆಸರು ಅಚ್ಚಾಗಿದ್ದ ಮೊದಲ ಹಾಳೆ ನೋಡಿದರು. ಮತ್ತೆ ಮುಂದಕ್ಕೆ ಬಂದರು. ಅಡುಗೆಮನೆಯಲ್ಲಿ ತಾವು ಆಡಿದ ಮಾತು ಅವರಿಗೆ ನೆನಪಾಯಿತೆಂದು ಕಾಣುತ್ತದೆ. ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟರು.

"ಇದನ್ನ ನಿನ್ನ ಕಾಕಾ ಬರಸಿದ್ರೇನವಾ?"

"ಇಲ್ಲರಿ ಕಾಕು. ನಾನ ಬರದೆ."

"ಅವರು ಬ್ಯಾಡ ಅಂತಿದ್ರು."

"ಹೌದ್ರಿ," ಎಂದೆ. "ಅಂತಿದ್ರು."